ಮೊಬೈಲಿನಲ್ಲಿ ಹಳೆ ಬಟ್ಟೆ ಕೊಂಡು ಮಾರುವ ಮುನ್ನ



ಇತ್ತೀಚೆಗೆ ಸಂಘಗಳ ಭೇಟಿಗೆ ಹೋದಲ್ಲೆಲ್ಲ ಒಂದು ಪ್ರಶ್ನೆ ಬರುತ್ತಿದೆ. "ಸಿಸ್ಟರ್, ಫೇಸ್‌ಬುಕ್‌ನಲ್ಲಿ 50 ಕಿಲೋ ಬಟ್ಟೆ ಮೂಟೆ 6,000 ರೂಪಾಯಿ ಅಂತ ಹಾಕಿದ್ದಾರೆ. ಸಂಘದಿಂದ ಸಾಲ ತೆಗೆದು ತರಿಸಿ ಸಂತೆಯಲ್ಲಿ ಮಾರೋಣವಾ?" ಕೇಳುವವರ ಮುಖದಲ್ಲಿ ಆಸೆಯೂ ಇರುತ್ತದೆ, ಅಳುಕೂ ಇರುತ್ತದೆ. ಎರಡೂ ಸರಿಯೇ. ಆದ್ದರಿಂದ ಈ ತಿಂಗಳ ಪಾಠಕ್ಕೆ ಇದೇ ವಿಷಯವನ್ನು ಎತ್ತಿಕೊಂಡಿದ್ದೇವೆ.

ಮೊದಲು ಒಂದು ಮಾತು. ಹಳೆ ಬಟ್ಟೆ ವ್ಯಾಪಾರಕ್ಕೆ ನಾಚಿಕೊಳ್ಳಬೇಕಾಗಿಲ್ಲ. "ಯಾರೋ ಉಟ್ಟು ಬಿಟ್ಟಿದ್ದು" ಅಂತ ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಗುಜರಾತಿನ ಅಹಮದಾಬಾದಿನಲ್ಲಿ 1971ರಲ್ಲಿ ಹಳೆ ಬಟ್ಟೆ ಮಾರುವ ಹೆಂಗಸರು ತಮ್ಮ ಕಷ್ಟ ಹೇಳಿಕೊಂಡು ಇಳಾ ಭಟ್ ಅವರ ಬಳಿ ಬಂದಿದ್ದರು. ಬಡ್ಡಿಯವರ ಕಾಟ ಅವರಿಗೂ ಇತ್ತು. ಅವರು ಸೇರಿದ ಸಭೆಯಲ್ಲಿ ಗುಂಪಿನೊಳಗಿನ ಒಬ್ಬ ಹೆಂಗಸು, ನಮಗೆ ನಮ್ಮದೇ ಸಂಘ ಬೇಕು ಎಂದರು. 1972ರಲ್ಲಿ 'ಸೇವಾ' ಸಂಘಟನೆ ನೋಂದಣಿಯಾಯಿತು. ಇಂದು ದೇಶದಲ್ಲೆಲ್ಲ ಹೆಸರು ಮಾಡಿರುವ ಆ ಸಂಘದ ಬೇರಿನಲ್ಲಿ ಹಳೆ ಬಟ್ಟೆಯ ಗಂಟು ಹೊತ್ತ ಹೆಂಗಸರಿದ್ದಾರೆ.

ಹಾಗಾದರೆ ಮೂಟೆ ತರಿಸಬಹುದಾ? ಆ ಮೂಟೆ ಎಲ್ಲಿಂದ ಬಂತು ಅಂತ ತಿಳಿದರೆ ಉತ್ತರ ತಾನಾಗಿ ಸಿಗುತ್ತದೆ.

ನಮ್ಮ ಬೀದಿಗೆ ಸ್ಟೀಲ್ ಪಾತ್ರೆ ಹೊತ್ತು, ಹಳೆ ಸೀರೆ, ಪ್ಯಾಂಟು ತೆಗೆದುಕೊಂಡು ಪಾತ್ರೆ ಕೊಡುವವರು ಬರುತ್ತಾರಲ್ಲ, ಅವರೇ ಈ ಸರಪಳಿಯ ಮೊದಲನೇ ಕೈ. ದೆಹಲಿಯ ರಘುವೀರ್ ನಗರದಲ್ಲಿ ಅಂಥವರು ತಂದ ಬಟ್ಟೆಗಳಿಗೆ ಬೆಳಕು ಹರಿಯುವ ಮೊದಲೇ ದೊಡ್ಡ ಸಂತೆ ನೆರೆಯುತ್ತದೆ. ಅಲ್ಲಿ ಕೊಂಡವರು ಒಗೆದು, ಹೊಲಿದು, ಇಸ್ತ್ರಿ ಮಾಡಿ ಬೇರೆಯವರಿಗೆ ಮಾರುತ್ತಾರೆ. ಸವೆದ ಉಣ್ಣೆ ಬಟ್ಟೆ ಹರಿಯಾಣದ ಪಾಣಿಪತ್ತಿಗೆ ಹೋಗುತ್ತದೆ. ಅಲ್ಲಿ ಅದನ್ನು ಚಿಂದಿ ಮಾಡಿ, ಮತ್ತೆ ನೂಲಾಗಿಸಿ ಕಂಬಳಿ ನೇಯುತ್ತಾರೆ. ಇನ್ನು "ಫಾರಿನ್ ಮಾಲು", "ಕೊರಿಯಾ ಜಾಕೆಟ್" ಅಂತ ಬರುವ ಜಾಹೀರಾತುಗಳ ಸಂಗತಿ. ಹೊರದೇಶದ ಉಟ್ಟ ಬಟ್ಟೆಯನ್ನು ನಮ್ಮ ದೇಶಕ್ಕೆ ತರಿಸಲು ಸರ್ಕಾರದ ಲೈಸೆನ್ಸ್ ಬೇಕು, ಯಾರು ಬೇಕಾದರೂ ತರಿಸುವ ಹಾಗಿಲ್ಲ. ಗುಜರಾತಿನ ಕಾಂಡ್ಲಾ ವಿಶೇಷ ಆರ್ಥಿಕ ವಲಯದಲ್ಲಿ ಅಂಥ ಬಟ್ಟೆ ವಿಂಗಡಿಸುವ ಘಟಕಗಳಿವೆ. ವಿಂಗಡಿಸಿ ಮತ್ತೆ ಹೊರದೇಶಗಳಿಗೆ ಕಳಿಸುವುದು ಅವುಗಳ ಮುಖ್ಯ ಕೆಲಸ. ಆದ್ದರಿಂದ ಫಾರಿನ್ ಮಾಲು ಎನ್ನುವವರ ಹತ್ತಿರ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಆ ಮಾತು ಅಲ್ಲಿಗೇ ಬಿಡಿ.

ಈಗ ಯೋಚಿಸಿ. ಮೂಟೆ ನಮ್ಮ ಊರಿನ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಬರುವ ಹೊತ್ತಿಗೆ ಮೂರ್ನಾಲ್ಕು ಕೈ ದಾಟಿರುತ್ತದೆ. ಪ್ರತಿ ಕೈಯೂ ಒಳ್ಳೆಯದನ್ನು ಆರಿಸಿಕೊಂಡು ಉಳಿದದ್ದನ್ನು ಮುಂದಕ್ಕೆ ತಳ್ಳಿರುತ್ತದೆ. ಕಡೇ ಕೈ ನಮ್ಮದು. ಸಂತೆಯ ಕೊನೆಗೆ ಹೋಗಿ ಟೊಮೆಟೊ ಕೊಂಡವರಿಗೆ ಏನು ಸಿಗುತ್ತದೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ.

ಲೆಕ್ಕ ಹಾಕಿ ನೋಡೋಣ

ಒಂದು ಉದಾಹರಣೆ ಇಟ್ಟುಕೊಳ್ಳಿ. 50 ಕಿಲೋ ಮೂಟೆ, ಕಿಲೋಗೆ 120 ರೂ.ನಂತೆ 6,000 ರೂ. ಲಾರಿ ಬಾಡಿಗೆ, ಹಮಾಲಿ ಸೇರಿ 700 ರೂ. ಒಟ್ಟು 6,700 ರೂ. ಕಿಲೋಗೆ ನಾಲ್ಕರಂತೆ 200 ಬಟ್ಟೆ. ಮಾರುವವನು ಫೋನಿನಲ್ಲಿ ಹೇಳುವ ಲೆಕ್ಕ ಇಷ್ಟೇ: "ಒಂದು ಪೀಸಿಗೆ 34 ರೂಪಾಯಿ ಬೀಳುತ್ತೆ ಮೇಡಂ, ನೀವು 60ಕ್ಕೆ ಮಾರಿ, 12,000 ಬರುತ್ತೆ." ಕೇಳಲು ಚೆನ್ನಾಗಿದೆ.

ಮೂಟೆ ಬಿಚ್ಚಿದಾಗ 90 ಬಟ್ಟೆ ಚೆನ್ನಾಗಿವೆ, 50ಕ್ಕೆ ಗುಂಡಿ, ಜಿಪ್ಪು, ಹೊಲಿಗೆ ಬೇಕು, 60 ಯಾರೂ ಮುಟ್ಟದಂಥವು ಅಂತ ಇಟ್ಟುಕೊಳ್ಳೋಣ. 90 ಬಟ್ಟೆ 60 ರೂ.ನಂತೆ 5,400. ರಿಪೇರಿಯವು 30 ರೂ.ನಂತೆ 1,500. ಒಟ್ಟು 6,900. ಅದರಲ್ಲಿ ಸೋಪು, ದಾರ, ಗುಂಡಿ, ಇಸ್ತ್ರಿಗೆ 500, ನಾಲ್ಕು ಸಂತೆಯ ಸುಂಕ ಮತ್ತು ಓಡಾಟಕ್ಕೆ 400 ತೆಗೆಯಿರಿ. ಉಳಿದದ್ದು 6,000. ಹಾಕಿದ್ದು 6,700. ಆಗಲೇ 700 ನಷ್ಟ. ಸಂಘದ ಸಾಲಕ್ಕೆ ತಿಂಗಳಿಗೆ 100ಕ್ಕೆ 2 ರೂ. ಬಡ್ಡಿಯಾದರೆ ಮೂರು ತಿಂಗಳಿಗೆ 402 ರೂ. ಒಟ್ಟು ನಷ್ಟ 1,102 ರೂ. ಒಗೆದ, ಹೊಲಿದ, ಬಿಸಿಲಲ್ಲಿ ಕೂತು ಮಾರಿದ ಕೂಲಿಯನ್ನು ನಾವಿನ್ನೂ ಸೇರಿಸಿಲ್ಲ. ಹೆಂಗಸರ ಕೂಲಿ ಲೆಕ್ಕಕ್ಕೆ ಸಿಗುವುದೇ ಇಲ್ಲ, ಅದು ಮನೆಯಲ್ಲೂ ಹಾಗೇ, ವ್ಯಾಪಾರದಲ್ಲೂ ಹಾಗೇ.

ಅದಕ್ಕೇ ಲೆಕ್ಕವನ್ನು ಹಿಂದಿನಿಂದ ಮಾಡಿ. ಬರಬಹುದಾದ 6,900ರಲ್ಲಿ ಖರ್ಚು 900, ಬಡ್ಡಿ 402, ಸಾಗಾಟ 700, ನಾಲ್ಕು ದಿನದ ಕೂಲಿ 400ರಂತೆ 1,600 ಕಳೆದರೆ 3,298 ಉಳಿಯುತ್ತದೆ. ಅದನ್ನು 50ರಿಂದ ಭಾಗಿಸಿದರೆ ಸುಮಾರು 66 ರೂ. ಅಂದರೆ ಈ ಮೂಟೆಗೆ ಕಿಲೋಗೆ 66 ರೂ.ಗಿಂತ ಹೆಚ್ಚು ಕೊಟ್ಟರೆ ನಾವು ಬಿಟ್ಟಿ ದುಡಿದ ಹಾಗೆ. ಆರಂಭದಲ್ಲಿ ಯಾರಿಗೂ ಎಷ್ಟು ಒಳ್ಳೆಯದು, ಎಷ್ಟು ಕೆಟ್ಟದು ಅಂತ ಅಂದಾಜು ಇರುವುದಿಲ್ಲ. ಅದಕ್ಕೆ ಮೂಟೆಯ ಬದಲು 5 ಕಿಲೋ ಸ್ಯಾಂಪಲ್ ಕೇಳಬೇಕು. ಸ್ಯಾಂಪಲ್ಲೇ ಕೊಡದವನ ಹತ್ತಿರ ಮೂಟೆ ಯಾಕೆ?

ಹಣ ಹಾಕುವ ಮೊದಲು

ನಿಜವಾದ ವ್ಯಾಪಾರಿಗಳೂ ಆನ್‌ಲೈನಲ್ಲಿ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಬ್ರಾಂಡೆಡ್ ಬಟ್ಟೆಗಳನ್ನು ಸಾಲಾಗಿ ಜೋಡಿಸಿದ ಫೋಟೋ ಹಾಕಿ, "ಇವತ್ತೇ ಕೊನೆ, 2,000 ಬುಕಿಂಗ್ ಹಾಕಿ" ಎನ್ನುವವರೂ ಬೇಕಾದಷ್ಟು ಜನ. ಹಣ ಹೋದ ಮೇಲೆ ಫೋನು ಸ್ವಿಚ್ ಆಫ್. ವಿಡಿಯೋ ಕಾಲ್ ಮಾಡಿ, ನೀವು ಬೆರಳು ತೋರಿಸಿದ ಮೂಟೆಯನ್ನು ಬಿಚ್ಚಿ ತೋರಿಸಲು ಹೇಳಿ. ಒಂದು ಹಾಳೆಯಲ್ಲಿ ನಿಮ್ಮ ಸಂಘದ ಹೆಸರು ಬರೆದು ಅದರ ಮೇಲೆ ಇಡಲಿ. ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ವೆಬ್‌ಸೈಟಿನಲ್ಲಿ ಹಾಕಿದರೆ ಅಂಗಡಿಯ ಹೆಸರು ಬರುತ್ತದೆ, ಖರ್ಚೇನಿಲ್ಲ. ಹಣ ಹೋಗುವ ಖಾತೆಯ ಹೆಸರೂ ಅದೇ ಇದೆಯಾ ನೋಡಿ, ಯಾಕೆಂದರೆ ಬೇರೆಯವರ ನಂಬರನ್ನು ತೋರಿಸಿ ಮೋಸ ಮಾಡುವುದು ಸುಲಭ. ಮಾರುವಾಗಲೂ ಎಚ್ಚರ. "ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ" ಅಂತ ಯಾರಾದರೂ ಹೇಳಿದರೆ ಫೋನು ಇಡಿ. ಪಿನ್ ಬೇಕಾಗುವುದು ದುಡ್ಡು ಕೊಡಲು, ದುಡ್ಡು ಬರಲು ಅಲ್ಲ. ಮೋಸವಾಯಿತು ಅಂತ ಗೊತ್ತಾದ ಕ್ಷಣವೇ 1930ಕ್ಕೆ ಫೋನು ಮಾಡಬೇಕು. ಗಂಡನಿಗೆ ಗೊತ್ತಾದರೆ ಬೈತಾರೆ ಅಂತ ಎರಡು ದಿನ ಸುಮ್ಮನಿದ್ದರೆ ಹಣ ಖಾತೆಯಿಂದ ಖಾತೆಗೆ ಹಾರಿ ಹೋಗಿರುತ್ತದೆ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. "ಮಾಲು ಕೆಟ್ಟದ್ದು ಬಂದರೆ ಗ್ರಾಹಕರ ಕೋರ್ಟಿಗೆ ಹೋಗ್ತೀವಿ" ಅಂತ ಧೈರ್ಯದಿಂದ ಹೇಳುವವರನ್ನು ನೋಡಿದ್ದೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮತ್ತೆ ಮಾರುವುದಕ್ಕಾಗಿ ಸರಕು ಕೊಂಡವರು 'ಗ್ರಾಹಕರು' ಅಲ್ಲ. ನಮ್ಮ ಮನೆಗೆ ಮಿಕ್ಸಿ ಕೊಂಡಾಗ ಇರುವ ರಕ್ಷಣೆ, ಮಾರಲು ಮೂಟೆ ಕೊಂಡಾಗ ಇರುವುದಿಲ್ಲ. ಕಣ್ಣಾರೆ ನೋಡಿ ಹಣ ಕೊಡಿ ಅಂತ ನಾವು ಪದೇ ಪದೇ ಹೇಳುವುದು ಇದಕ್ಕೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೋಗಿ ನೋಡಿ ಬರಲು ಟಿಕೆಟ್ ಖರ್ಚು ಅಡ್ಡಿಯಾಗಬಾರದು. ಇಬ್ಬರು ಜೊತೆಯಾಗಿ ಹೋಗಿ.

ಫೋನನ್ನು ಹೀಗೂ ಬಳಸಬಹುದು

ನಮ್ಮ ಅಭಿಪ್ರಾಯ ಕೇಳಿದರೆ, ಕಡೇ ಕೈ ಆಗುವ ಬದಲು ಮೊದಲನೇ ಕೈ ಆಗಿ. ಫೋನಿನ ನಿಜವಾದ ಉಪಯೋಗ ದೂರದ ಮೂಟೆ ತರಿಸುವುದರಲ್ಲಿಲ್ಲ, ಹತ್ತಿರದ ಬೀರುವನ್ನು ತೆರೆಸುವುದರಲ್ಲಿದೆ. ಪೇಟೆಯ ಅಪಾರ್ಟ್‌ಮೆಂಟುಗಳಲ್ಲಿ, ಬಡಾವಣೆಗಳಲ್ಲಿ ವಾಟ್ಸಾಪ್ ಗುಂಪುಗಳಿವೆ. ಅಲ್ಲಿ ಮನೆಗೆಲಸಕ್ಕೆ ಹೋಗುವ ಸದಸ್ಯೆಯರು ನಮ್ಮ ಸಂಘಗಳಲ್ಲೇ ಇದ್ದಾರೆ. ಅವರು ಪರಿಚಯದ ಅಮ್ಮನವರ ಮೂಲಕ ಒಂದು ಸಂದೇಶ ಹಾಕಿಸಲಿ: ಇಂಥ ಭಾನುವಾರ ಸಂಘದವರು ಬರುತ್ತಾರೆ, ಒಗೆದ ಒಳ್ಳೆ ಬಟ್ಟೆಗೆ ಇಷ್ಟು ಬೆಲೆ. ಮಕ್ಕಳ ಬಟ್ಟೆಯನ್ನು ನೋಡಿ, ನಾಲ್ಕು ಸಲ ಹಾಕಿರುತ್ತಾರೆ, ಮಗು ಬೆಳೆದುಬಿಟ್ಟಿರುತ್ತದೆ. ಅಂಥದ್ದನ್ನು ಕೈಯಲ್ಲಿ ಹಿಡಿದು, ಆರಿಸಿ, 15 ರೂ. ಕೊಟ್ಟು 60ಕ್ಕೆ ಮಾರಿದರೆ ಅಲ್ಲಿ ಕಸದ ಪಾಲು ಇರುವುದಿಲ್ಲ.

ಸಂದೇಶದಲ್ಲಿ "ಮಾರುವುದಕ್ಕಾಗಿ ಕೊಳ್ಳುತ್ತೇವೆ" ಅಂತ ಸ್ಪಷ್ಟವಾಗಿ ಬರೆಯಿಸಿ. ಬಡವರಿಗೆ ಕೊಡುತ್ತೇವೆ ಅಂತ ಹೇಳಿ ಸುಮ್ಮನೆ ಸಂಗ್ರಹಿಸಿ ಆಮೇಲೆ ಸಂತೆಯಲ್ಲಿ ಹರಡುವುದು ಸುಳ್ಳು. ಬಡವರ ಹೆಸರಿನಲ್ಲಿ ಆಗುವುದೂ ಸುಳ್ಳೇ. ಪುಕ್ಕಟೆ ಕೊಟ್ಟರೂ, ಮಾರುತ್ತೇವೆ ಅಂತ ತಿಳಿಸಿಯೇ ತೆಗೆದುಕೊಳ್ಳಿ. ಬೇಸರಪಡುವವರು ಕಡಿಮೆ.

ಕೊಳ್ಳುವಾಗ ಮೊದಲು ಕಾಲರು, ಕಂಕುಳು, ಮಣಿಕಟ್ಟು ನೋಡಿ. ಕೊಳೆ, ಸವೆತ ಅಲ್ಲೇ ಕೂತಿರುತ್ತದೆ. ಬೆಳಕಿಗೆ ಹಿಡಿದರೆ ಬಟ್ಟೆ ತೆಳುವಾಗಿದೆಯಾ ಕಾಣುತ್ತದೆ. ಜಿಪ್ಪು ಎಳೆದು ನೋಡಿ, ಇಲಾಸ್ಟಿಕ್ ಹಿಗ್ಗಿಸಿ ನೋಡಿ. ಸೀರೆಯಾದರೆ ಪೂರ್ತಿ ಬಿಡಿಸಿ, ಮಡಿಕೆ ಬಿದ್ದ ಜಾಗದಲ್ಲಿ ರೇಷ್ಮೆ ಹಿಂಜಿರುತ್ತದೆ. ಹಳೆ ರೇಷ್ಮೆ ಸೀರೆಯಲ್ಲಿ ಅಸಲಿ ಬೆಳ್ಳಿ ಜರಿ ಇರಬಹುದು, ಗೊತ್ತಿಲ್ಲದೆ ಕಿಲೋ ಲೆಕ್ಕದಲ್ಲಿ ಕೊಳ್ಳುವುದೂ ತಪ್ಪು, ಮಾರುವುದೂ ತಪ್ಪು. ಒಳ ಉಡುಪು ಬೇಡವೇ ಬೇಡ. ತಂದ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ಬೆರೆಸಬೇಡಿ, ಕಜ್ಜಿ ಹರಡುವುದು ಹೀಗೆಯೇ. ತಾಳುವ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಬಿಸಿನೀರು ತಾಳದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಟ್ಟು, ಆಮೇಲೆ ಒಗೆಯಿರಿ. ಕೊಳ್ಳುವವರು "ಇದು ಸತ್ತವರ ಬಟ್ಟೆಯಾ?" ಅಂತ ಕೇಳುತ್ತಾರೆ. ಗೊತ್ತಿದ್ದರೆ ಗೊತ್ತಿದ್ದಂತೆ ಹೇಳಿ. ಒಮ್ಮೆ ಸುಳ್ಳು ಹೊರಬಿದ್ದರೆ ಆ ಊರಿನ ಸಂತೆ ನಮಗೆ ಮುಚ್ಚಿತು.

ಏನು ಹೋಗುತ್ತದೆ ಎನ್ನುವುದು ಊರನ್ನು ನೋಡಿ ಹೇಳಬೇಕು. ಕೊಡಗು, ಚಿಕ್ಕಮಗಳೂರು ಕಡೆ ಕಾಫಿ ಕೊಯ್ಲಿನ ಕಾಲಕ್ಕೆ ಸೀರೆಯ ಮೇಲೆ ಹಾಕಿಕೊಳ್ಳಲು ಗಂಡಸರ ತುಂಬುತೋಳಿನ ಅಂಗಿ ಬೇಕು, ಸ್ವೆಟರ್ ಬೇಕು. ಜೂನ್ ಹತ್ತಿರ ಬಂದಾಗ ಶಾಲೆಯ ಯೂನಿಫಾರ್ಮ್. ಕಟ್ಟಡ ಕೆಲಸದವರಿಗೆ ಗಟ್ಟಿ ಪ್ಯಾಂಟು. ಫ್ಯಾನ್ಸಿ ಗೌನು ಫೋಟೋದಲ್ಲಿ ಚೆಂದ, ಸಂತೆಯಲ್ಲಿ ಅದು ಬಿಸಿಲಿಗೆ ಬಣ್ಣ ಹೋಗುವವರೆಗೆ ತೂಗುತ್ತಿರುತ್ತದೆ.

ಮಾರಲಾಗದ ಹತ್ತಿ ಸೀರೆ, ಲುಂಗಿಯನ್ನು ಎಸೆಯಬೇಡಿ. ಉತ್ತರ ಕರ್ನಾಟಕದ ಕೌದಿ ಎಲ್ಲರಿಗೂ ಗೊತ್ತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಹೋದರಿಯರು ಹಳೆ ಬಟ್ಟೆಯ ತುಂಡುಗಳಿಂದ ಹೊಲಿಯುವ ಕವಂದಿ ಇಂದು ದೊಡ್ಡ ಊರುಗಳ ಪ್ರದರ್ಶನಗಳಿಗೂ ಹೋಗಿದೆ. ಅದಕ್ಕೆ ತಿಂಗಳ ಶ್ರಮ ಬೇಕು, ಬೆಲೆಯೂ ಹಾಗೇ ಕೇಳಬೇಕು.

ತೆರಿಗೆಯ ಭಯ ಬೇಡ, ಆದರೆ ಪುಸ್ತಕ ಬೇಕು. 2025ರ ಜುಲೈನಲ್ಲಿ ಯುಪಿಐ ಜಮಾ ನೋಡಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ನಮ್ಮ ಹೆಂಗಸರೂ ಹೆದರಿದ್ದರು. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಮಾತ್ರ ಜಿಎಸ್‌ಟಿ ನೋಂದಣಿ ಕಡ್ಡಾಯ. ಬೇರೆ ರಾಜ್ಯಕ್ಕೆ ಕಳಿಸಿ ಮಾರಿದರೆ ಮಾತ್ರ ವಹಿವಾಟು ಸಣ್ಣದಾದರೂ ನೋಂದಣಿ ಬೇಕು. ವ್ಯಾಪಾರದ ಹಣಕ್ಕೆ ಬೇರೆ ಖಾತೆ ಇಟ್ಟರೆ ಅರ್ಧ ತಲೆನೋವು ಕಡಿಮೆ.

ಸಭೆಯಲ್ಲಿ ಮಾಡಲು

ಈ ವ್ಯಾಪಾರಕ್ಕೆ ಸಾಲ ಕೇಳುವ ಅರ್ಜಿ ಬಂದರೆ ಠರಾವು ಬರೆಯುವ ಮೊದಲು ಹೀಗೆ ಮಾಡಿ. ಮುಂದಿನ ವಾರದ ಸಭೆಗೆ ಪ್ರತಿ ಸದಸ್ಯೆ ಮನೆಯಲ್ಲಿ ಬಳಸದ ಎರಡು ಬಟ್ಟೆ ಒಗೆದು ತರಲಿ. ಎಲ್ಲವನ್ನೂ ಚಾಪೆಯ ಮೇಲೆ ಹರಡಿ, ಸಾಲ ಕೇಳಿದವರು ಒಂದೊಂದನ್ನೂ ಕೈಯಲ್ಲಿ ಹಿಡಿದು, ಎಷ್ಟಕ್ಕೆ ಕೊಳ್ಳುತ್ತೇನೆ, ಎಷ್ಟಕ್ಕೆ ಮಾರುತ್ತೇನೆ ಅಂತ ಎಲ್ಲರ ಮುಂದೆ ಹೇಳಲಿ. ಉಳಿದವರು ಚೌಕಾಸಿ ಮಾಡಲಿ, ಸಂತೆಯಲ್ಲಿ ಮಾಡುವ ಹಾಗೆಯೇ. ಒಪ್ಪಿದ ಬೆಲೆಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ, ಆ ಬಟ್ಟೆಗಳನ್ನೇ ಮೊದಲ ಸಂತೆಗೆ ಕಳಿಸಿ. ನಿಜವಾಗಿ ಎಷ್ಟು ಬಂತು ಅಂತ ಬರೆಯಲು ಪಕ್ಕದಲ್ಲಿ ಒಂದು ಕಾಲಂ ಖಾಲಿ ಬಿಡಿ.