ಕಾರ್ಡಿನ ಮೇಲಿರುವುದು, ಕಾರ್ಡಿನ ಒಳಗಿರುವುದು

ಭಾಲ್ಕಿ, ಔರಾದ, ಕಮಲನಗರ ಕಡೆಯ ಕಚೇರಿ, ಬ್ಯಾಂಕು, ಕಾಲೇಜುಗಳಲ್ಲಿ ನನ್ನ ಕೈಗೆ ಹೆಚ್ಚು ಸಿಕ್ಕಿದ್ದು ಸಿಸ್ಕೊ 1841 ಮತ್ತು 2811 ರೌಟರುಗಳು. 2004ರಲ್ಲಿ ಮಾರುಕಟ್ಟೆಗೆ ಬಂದ ಕುಲ. ಕಂಪನಿ ಇವುಗಳ ಕೈಬಿಟ್ಟು ವರ್ಷಗಳಾದವು, ಆದರೂ ಗೋಡೆಯ ಕಪಾಟಿನಲ್ಲಿ ಧೂಳು ಕುಡಿಯುತ್ತ ಕೆಲವು ಇನ್ನೂ ಉಸಿರಾಡುತ್ತಿವೆ. ಇವುಗಳ ಬೂಟ್ ಸಾಫ್ಟ್‌ವೇರ್ ಇರುವುದು ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನಲ್ಲಿ. ಅದು ಕೆಟ್ಟಿತೆಂದರೆ ಫೋನ್ ಬರುತ್ತದೆ: "ಸರ್, ಲೈಟ್ ಹತ್ಯಾವ, ನೆಟ್ ಬರವಲ್ದು ನೋಡ್ರಿ." ಬೆಂಗಳೂರು ಇಲ್ಲಿಂದ ಸುಮಾರು 700 ಕಿಲೋಮೀಟರ್. ಬಿಡಿಭಾಗ ಬೇಕೆಂದರೆ ಹೈದರಾಬಾದಿನ ಬಸ್ಸು ಹತ್ತಬೇಕು. ಹಾಗಾಗಿ ನಮ್ಮ ಕಡೆ ಈ ಕೆಲಸಕ್ಕೆ ಕೈ ಹಾಕುವವನು ಹೊಸ ಫೈಲ್ ಹಾಕುವುದಕ್ಕಿಂತ ಮೊದಲು ಹಿಂದಿರುಗುವ ದಾರಿಯನ್ನು ನೋಡಿಟ್ಟುಕೊಳ್ಳಬೇಕು.

1. ಡಬ್ಬಿ ಏಳುವ ಕ್ರಮ ಬಾಯಿಪಾಠವಾಗಿರಲಿ.

ಪವರ್ ಕೊಟ್ಟ ಕೂಡಲೇ ರೌಟರ್ ಕಾರ್ಡಿಗೆ ಹೋಗುವುದಿಲ್ಲ. ಬೋರ್ಡಿನಲ್ಲೇ ಕೂತಿರುವ ರಾಮ್‌ಮಾನ್ ಎಂಬ ಪುಟ್ಟ ಪ್ರೋಗ್ರಾಂ ಮೊದಲು ಏಳುತ್ತದೆ. ಅದು ಕಾನ್ಫಿಗ್ ರಿಜಿಸ್ಟರ್ ಎಂಬ ಅಂಕಿಯನ್ನು ನೋಡುತ್ತದೆ. ಹೆಕ್ಸ್ ಲೆಕ್ಕದ 2102 ಇದ್ದರೆ, ಬೋರ್ಡಿನದೇ ಮೆಮೊರಿಯಾದ ಎನ್‌ವಿರ‍್ಯಾಮ್‌ನಲ್ಲಿ ಉಳಿಸಿಟ್ಟ ಸೆಟ್ಟಿಂಗ್‌ನಲ್ಲಿ 'ಬೂಟ್ ಸಿಸ್ಟಮ್' ಸಾಲು ಹುಡುಕಿ, ಅಲ್ಲಿ ಹೆಸರಿಸಿದ ಫೈಲನ್ನು ಕಾರ್ಡಿನಿಂದ ಎತ್ತಿಕೊಳ್ಳುತ್ತದೆ. ಆ ಸಾಲೇ ಇಲ್ಲದಿದ್ದರೆ ಕಾರ್ಡಿನಲ್ಲಿ ಮೊದಲು ಸಿಕ್ಕ ಇಮೇಜ್, ಅಂದರೆ ಬೂಟ್ ಸಾಫ್ಟ್‌ವೇರಿನ ಫೈಲ್. ಅಂಕಿ 2142 ಆಗಿದ್ದರೆ ಉಳಿಸಿಟ್ಟ ಸೆಟ್ಟಿಂಗ್ ಓದದೆ ಹೊಸ ಡಬ್ಬಿಯಂತೆ ಏಳುತ್ತದೆ. ಯಾರೋ ಹಿಂದೆ ಪಾಸ್‌ವರ್ಡ್ ಬಿಡಿಸಲು 2142 ಮಾಡಿ, ವಾಪಸ್ ತಿರುಗಿಸದೆ ಹೋಗಿರುತ್ತಾರೆ. ಆ ತಪ್ಪಿಗೆ ಒಳ್ಳೆಯ ಕಾರ್ಡು ಬೈಗುಳ ತಿನ್ನುತ್ತದೆ.

2. ಕಾರ್ಡ್ ತೆಗೆದರೆ ಸೆಟ್ಟಿಂಗ್ ಹೋಗುವುದಿಲ್ಲ, ಒಂದನ್ನು ಬಿಟ್ಟು.

"ಚಿಪ್ ತೆಗದ್ರ ಎಲ್ಲಾ ಅಳಿಸಿ ಹೋಗ್ತದೇನ್ರಿ?" ಎಂದು ಕೇಳದ ಮ್ಯಾನೇಜರ್ ಇಲ್ಲ. ಐಪಿ, ರೂಟ್, ಪಾಸ್‌ವರ್ಡ್ ಎಲ್ಲವೂ ಎನ್‌ವಿರ‍್ಯಾಮ್‌ನಲ್ಲಿ ಇರುತ್ತವೆ, ಕಾರ್ಡಿನಲ್ಲಲ್ಲ. ಆದರೆ ರೌಟರಿಗೆ ನಾಲ್ಕು ಪೋರ್ಟಿನ ಸ್ವಿಚ್ ಕಾರ್ಡ್ ಹಾಕಿಸಿದ್ದರೆ ಅದರ ವಿಲ್ಯಾನ್ ಪಟ್ಟಿ 'ವಿಲ್ಯಾನ್ ಡಾಟ್ ಡ್ಯಾಟ್' ಎಂಬ ಫೈಲಾಗಿ ಕೂತಿರುವುದು ಇದೇ ಕಾರ್ಡಿನಲ್ಲಿ. ಫಾರ್ಮ್ಯಾಟ್ ಹೊಡೆದರೆ ಅದು ಹೋಯಿತು. ರೌಟರ್ ಚೆನ್ನಾಗಿ ಏಳುತ್ತದೆ, ಕೌಂಟರಿನ ಕಂಪ್ಯೂಟರುಗಳು ಮಾತ್ರ ಒಂದನ್ನೊಂದು ಕಾಣುವುದಿಲ್ಲ. ಆದ್ದರಿಂದ ಕಾರ್ಡಿನಲ್ಲಿರುವ ಪ್ರತಿಯೊಂದು ಫೈಲೂ ಮೊದಲು ಲ್ಯಾಪ್‌ಟಾಪಿಗೆ.

3. ಸ್ಟಿಕ್ಕರ್ ನಂಬಬೇಡಿ.

ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಬೋರ್ಡು ನೋಡಿ ಒಳಗಿನದನ್ನು ಅಳೆದವರು ಮೋಸ ಹೋದರು. ಕಾರ್ಡಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ '12.4' ಎಂಬ ಆವೃತ್ತಿ ಸಂಖ್ಯೆ ಕೂಡ ಹಾಗೆಯೇ, ಆದರೆ ಇಲ್ಲಿ ಮೋಸದ ಹಿಂದೆ ಯಾವ ಪುಣ್ಯಕಾರ್ಯವೂ ಇರುವುದಿಲ್ಲ.

ಫೈಲಿನ ಹೆಸರನ್ನು ಓದಲು ಕಲಿಯಬೇಕು. ಮೊದಲ ತುಂಡು ರೌಟರಿನ ಮಾದರಿ, ಎರಡನೆಯದು ಫೀಚರ್ ಸೆಟ್. ಆಮೇಲಿನ 'ಎಂಜೆಡ್' ಎಂದರೆ ಫೈಲ್ ಒತ್ತಿ ಮಡಚಿದ್ದು, ರ‍್ಯಾಮ್‌ನಲ್ಲಿ ಬಿಚ್ಚಿಕೊಂಡು ಓಡುತ್ತದೆ. ಅಂದರೆ ಕಾರ್ಡಿನಲ್ಲಿ ಹಿಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ರ‍್ಯಾಮ್ ಕೂಡ ಸಾಕಾಗಬೇಕು. 'ಶೋ ವರ್ಷನ್' ಎರಡನ್ನೂ ತೋರಿಸುತ್ತದೆ.

ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು, ಎಂಡಿ5 ಮೊತ್ತ ಹಾಗಲ್ಲ. ಪ್ರತಿ ಫೈಲಿಗೂ 32 ಅಕ್ಷರಗಳ ಈ ಮೊತ್ತವನ್ನು ಕಂಪನಿಯೇ ಕೊಟ್ಟಿರುತ್ತದೆ. 'ವೆರಿಫೈ' ಆದೇಶಕ್ಕೆ ಎಂಡಿ5 ಸೇರಿಸಿ ರೌಟರಿನಲ್ಲೇ ಲೆಕ್ಕ ಹಾಕಿಸಿ, ಮೊದಲ ನಾಲ್ಕು, ಕೊನೆಯ ನಾಲ್ಕು ನೋಡಿ ಬಿಡದೆ ಪೂರ್ತಿ ತಾಳೆ ನೋಡಿ. ಕೈಯಿಂದ ಕೈಗೆ ಪೆನ್‌ಡ್ರೈವಿನಲ್ಲಿ ಬಂದ ಇಮೇಜನ್ನು ನಾನು ಯಾವ ಬ್ಯಾಂಕಿನ ರೌಟರಿಗೂ ಹಾಕುವುದಿಲ್ಲ. ಲೈಸೆನ್ಸಿನ ಮಾತು ಒಂದು ಕಡೆ ಇರಲಿ, ಒಳಗೆ ಯಾರು ಏನು ಸೇರಿಸಿದ್ದಾರೆಂದು ಹೇಳುವವರಾರು?

4. 32 ಎಂಬಿ ಗೋಡೆ.

ಟಿಎಫ್‌ಟಿಪಿಯಲ್ಲಿ ಲ್ಯಾಪ್‌ಟಾಪಿನಿಂದ ರೌಟರಿಗೆ ಫೈಲ್ ಕಳಿಸುವಾಗ ಪರದೆಯ ಮೇಲೆ ಆಶ್ಚರ್ಯಸೂಚಕಗಳ ಸಾಲು ಓಡುತ್ತದೆ. ಚುಕ್ಕೆ ಬಂದರೆ ಪ್ಯಾಕೆಟ್ ತಪ್ಪಿತೆಂದು ಅರ್ಥ. ಮೊದಲಿನಿಂದಲೇ ಬರೀ ಚುಕ್ಕೆ ಬಂದರೆ ಲ್ಯಾಪ್‌ಟಾಪಿನ ಫೈರ್‌ವಾಲ್ ಯುಡಿಪಿ 69ನೇ ಪೋರ್ಟ್ ಮುಚ್ಚಿದೆಯೇ ನೋಡಿ. ಇನ್ನೊಂದು ಕಾಟ ಹೆಚ್ಚು ಸತಾಯಿಸುತ್ತದೆ: ಎಲ್ಲ ಸರಾಗವಾಗಿ ಹೋಗಿ, ಮುಗಿಯುವ ಹೊತ್ತಿಗೆ ನಿಲ್ಲುತ್ತದೆ. ಮತ್ತೆ ಹಾಕಿದರೂ ಅಲ್ಲೇ. ಕೇಬಲ್ ಬದಲಿಸುತ್ತಾರೆ, ಕಾರ್ಡ್ ಬದಲಿಸುತ್ತಾರೆ. ಇದು ಬರೀ ಗಣಿತ. 1992ರ ಟಿಎಫ್‌ಟಿಪಿ ನಿಯಮದಲ್ಲಿ ತುಣುಕಿನ ಸಂಖ್ಯೆಗೆ 16 ಬಿಟ್, ತುಣುಕಿಗೆ 512 ಬೈಟ್. 65,535 ತುಣುಕು ಎಂದರೆ 32 ಎಂಬಿಗೆ ಒಂದು ಕೂದಲು ಕಡಿಮೆ. ಕೆಲವು ಸರ್ವರುಗಳು ಎಣಿಕೆಯನ್ನು ಸೊನ್ನೆಯಿಂದ ಮತ್ತೆ ಶುರು ಮಾಡಿ ಮುಂದೆ ಹೋಗುತ್ತವೆ, ಹಳೆಯವು ಅಲ್ಲೇ ಕೈ ಎತ್ತುತ್ತವೆ. ದೊಡ್ಡ ಫೈಲಿಗೆ ಹೊಸ ಸರ್ವರ್ ಪ್ರೋಗ್ರಾಂ ಹಾಕಿ, ಇಲ್ಲವೇ ಎಫ್‌ಟಿಪಿ ಬಳಸಿ.

5. ಕಾರ್ಡ್ ರೀಡರಿಗೆ ಫೋಟೊ ಸ್ಟುಡಿಯೊ.

ಕಾರ್ಡಿನಲ್ಲಿ ಏನೂ ಇಲ್ಲದೆ ರೌಟರ್ ರಾಮ್‌ಮಾನ್‌ನಲ್ಲೇ ನಿಂತಿದ್ದರೆ ಕನ್ಸೋಲ್ ಕೇಬಲಿನಿಂದ ಎಕ್ಸ್‌ಮೋಡೆಮ್ ಮೂಲಕ ತುಂಬಬಹುದೆಂದು ಪುಸ್ತಕ ಹೇಳುತ್ತದೆ. ಹೌದು, ತುಂಬಬಹುದು. ಕನ್ಸೋಲಿನ ವೇಗ 9600. ಅಂದರೆ ಸೆಕೆಂಡಿಗೆ 960 ಬೈಟ್. 30 ಎಂಬಿ ಫೈಲಿಗೆ 9 ಗಂಟೆ ದಾಟುತ್ತದೆ. ವೇಗವನ್ನು 1,15,200ಕ್ಕೆ ಏರಿಸಿದರೆ ಮುಕ್ಕಾಲು ಗಂಟೆ, ಆದರೆ ಮುಗಿದ ಮೇಲೆ 9600ಕ್ಕೆ ಇಳಿಸಿಯೇ ಏಳಬೇಕು. ಇಲ್ಲದಿದ್ದರೆ ಮುಂದೆ ಬರುವವನಿಗೆ ಪರದೆ ತುಂಬ ಕಸದ ಅಕ್ಷರಗಳು.

ಇದಕ್ಕಿಂತ ಹತ್ತಿರದ ದಾರಿ ಊರಿನ ಮದುವೆ ಫೋಟೊ ತೆಗೆಯುವ ಸ್ಟುಡಿಯೊ. ಹಳೆಯ ದೊಡ್ಡ ಕ್ಯಾಮೆರಾಗಳಲ್ಲಿ ಇದೇ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಇರುತ್ತಿತ್ತು, ಅದರ ರೀಡರ್ ಸ್ಟುಡಿಯೊದ ಡ್ರಾದಲ್ಲಿ ಸಿಗುತ್ತದೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಫ್ಯಾಟ್16ಕ್ಕೆ ಫಾರ್ಮ್ಯಾಟ್ ಮಾಡಿ, ಫೈಲ್ ನಕಲು ಮಾಡಿ, 'ಇಜೆಕ್ಟ್' ಒತ್ತಿ ತೆಗೆಯಿರಿ. ಎನ್‌ಟಿಎಫ್‌ಎಸ್ ಮಾಡಿದರೆ ರೌಟರಿಗೆ ಆ ಕಾರ್ಡ್ ಕುರುಡು. ಎದ್ದ ಮೇಲೆ ಪುರಸೊತ್ತಿನಲ್ಲಿ ರೌಟರಿನಲ್ಲೇ ಇನ್ನೊಮ್ಮೆ ಫಾರ್ಮ್ಯಾಟ್ ಮಾಡಿ ತುಂಬುವುದು ಲೇಸು. ದೊಡ್ಡ ಕಾರ್ಡಿನ ಆಸೆ ಬೇಡ: 1841ಕ್ಕೆ ಕಂಪನಿ ಹೇಳುವ ಮಿತಿ 128 ಎಂಬಿ, 2811ಕ್ಕೆ 256.

ಸಿಕ್ಕಿಸುವಾಗ ಬಲ ಹಾಕಬೇಡಿ. ಕಿಂಡಿಯ ಒಳಗೆ 50 ಸೂಜಿಗಳಿವೆ. ಒಂದು ಬಾಗಿದರೆ ಹೈದರಾಬಾದಿನ ಬಸ್ಸೇ ಗತಿ.

6. ರಾಮ್‌ಮಾನ್‌ನಲ್ಲಿ 'ಆರ್' ಮರೆಯಬೇಡಿ.

ರಾಮ್‌ಮಾನ್‌ನಿಂದಲೂ ಟಿಎಫ್‌ಟಿಪಿ ಉಂಟು. ಐಪಿ, ಸಬ್‌ನೆಟ್, ಗೇಟ್‌ವೇ, ಸರ್ವರ್, ಫೈಲ್ ಎಂಬ ಐದು ಹೆಸರುಗಳನ್ನು ದೊಡ್ಡಕ್ಷರದಲ್ಲೇ ಕೊಡಬೇಕು, ಕೇಬಲ್ ಮೊದಲ ಪೋರ್ಟಿಗೇ ಇರಬೇಕು. ಆದೇಶದ ಬಾಲಕ್ಕೆ 'ಆರ್' ಸೇರಿಸಿದರೆ ಫೈಲ್ ಬರೀ ರ‍್ಯಾಮ್‌ಗೆ ಇಳಿದು ರೌಟರ್ ಏಳುತ್ತದೆ, ಕಾರ್ಡನ್ನು ಮುಟ್ಟುವುದಿಲ್ಲ. ಸೇರಿಸದಿದ್ದರೆ ಕಾರ್ಡಿನಲ್ಲಿರುವುದನ್ನೆಲ್ಲ ಅಳಿಸಿ ಬರೆಯುತ್ತದೆ. ಮೊದಲು 'ಆರ್' ಹಾಕಿ ಎಬ್ಬಿಸಿ, ಇಮೇಜ್ ಸರಿಯಿದೆಯೆಂದು ಕಂಡ ಮೇಲೆ ಕಾರ್ಡಿಗೆ ಬರೆಯುವುದು ನನ್ನ ಪದ್ಧತಿ.

7. ಪಹಣಿ ಸಾಲು ಕರಗಿದ ಮೇಲೆ.

ತಹಸೀಲ್ ಕಚೇರಿಯಲ್ಲಿ, ನಾಡಕಚೇರಿಯಲ್ಲಿ ಹಗಲು ರೌಟರ್ ಮುಟ್ಟಬಾರದು. ಬಸ್ ಚಾರ್ಜ್ ಕೊಟ್ಟು ಬಂದ ರೈತ ಪಹಣಿ ಇಲ್ಲದೆ ವಾಪಸ್ ಹೋಗುತ್ತಾನೆ. ಜುಲೈ ಕೊನೆಯಲ್ಲಿ, ಬೆಳೆ ವಿಮೆಯ ಗಡುವಿನ ದಿನಗಳಲ್ಲಂತೂ ರಾತ್ರಿಯೂ ಬೇಡ. ಯುಪಿಎಸ್ ಇದ್ದರೆ ಅದರ ಪ್ಲಗ್ ಕಿತ್ತು, ಬ್ಯಾಟರಿ ಎಷ್ಟು ಹೊತ್ತು ತಾಳುತ್ತದೆಂದು ನೋಡಿದ ಮೇಲೆಯೇ ಬರೆಯಲು ಶುರು ಮಾಡಿ. ಬರೆಯುವ ನಡುವೆ ಕರೆಂಟ್ ಹೋದರೆ ಕಾರ್ಡಿನಲ್ಲಿ ಉಳಿಯುವುದು ಅರ್ಧ ಫೈಲ್.

8. ಹಳೆಯದನ್ನು ಅಳಿಸಬೇಡಿ.

ಜಾಗವಿದ್ದರೆ ಎರಡೂ ಇಮೇಜ್ ಇರಲಿ. ಬೂಟ್ ಸಿಸ್ಟಮ್ ಸಾಲು ಎರಡು ಬರೆಯಿರಿ, ಮೇಲೆ ಹೊಸದು, ಕೆಳಗೆ ಹಳೆಯದು. ಜಾಗವಿಲ್ಲದಿದ್ದರೆ ಹಳೆಯ ಕಾರ್ಡನ್ನೇ ಹಾಗೆ ತೆಗೆದಿಟ್ಟು ಬೇರೆ ಕಾರ್ಡ್ ಬಳಸಿ.

9. 'ರೈಟ್' ಹೊಡೆಯಲು ಅವಸರ ಬೇಡ.

ಬೂಟ್ ಸಾಲು ಸೇರಿಸಿದ ಮೇಲೆ ಒಮ್ಮೆ 'ರೈಟ್' ಹೊಡೆದು ಸೇವ್ ಮಾಡಲೇಬೇಕು. ಆ ಸೆಟ್ಟಿಂಗಿನ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲೂ ಇರಲಿ. ಆಮೇಲೆ ಬರೀ 'ರೀಲೋಡ್' ಸಾಲದು, ಸ್ವಿಚ್ಚನ್ನೇ ಬಂದ್ ಮಾಡಿ ಎಬ್ಬಿಸಿ. ಎದ್ದ ಮೇಲೆ ಕೈ ಕಟ್ಟಿ ಪರದೆ ಓದಿ. ಹಳೆಯ ಇಮೇಜಿನಲ್ಲಿ ಎನ್‌ಕ್ರಿಪ್ಷನ್ ಇದ್ದು ಹೊಸದು ಅದಿಲ್ಲದ ಫೀಚರ್ ಸೆಟ್ ಆಗಿದ್ದರೆ, ಪಹಣಿ ಬರುವ ಎನ್‌ಕ್ರಿಪ್ಟೆಡ್ ಟನಲ್‌ಗೆ ಸಂಬಂಧಿಸಿದ ಸಾಲುಗಳನ್ನು ರೌಟರ್ ಒಂದೊಂದಾಗಿ ತಿರಸ್ಕರಿಸುತ್ತ ಏಳುತ್ತದೆ. ಪಿಂಗ್ ಹೋಗುತ್ತದೆ, ಪಹಣಿ ಬರುವುದಿಲ್ಲ. ಆ ಹೊತ್ತಿಗೂ ಎನ್‌ವಿರ‍್ಯಾಮ್‌ನಲ್ಲಿ ಎಲ್ಲ ಸಾಲುಗಳೂ ಕ್ಷೇಮವಾಗಿರುತ್ತವೆ, ಬೂಟ್ ಸಾಲು ತಿರುಗಿಸಿ ಹಳೆಯ ಇಮೇಜಿನಲ್ಲಿ ಎಬ್ಬಿಸಿದರೆ ಎಲ್ಲ ಮೊದಲಿನಂತೆ. ಆದರೆ ಅಭ್ಯಾಸಬಲದಿಂದ ಅಲ್ಲೇ 'ರೈಟ್' ಹೊಡೆದರೆ, ತಿರಸ್ಕೃತ ಸಾಲುಗಳು ಎನ್‌ವಿರ‍್ಯಾಮ್‌ನಿಂದಲೂ ಹೋಗುತ್ತವೆ. ಕಚೇರಿಯ ಸಿಬ್ಬಂದಿಯ ಕೈಯಲ್ಲೇ ಒಂದು ಪಹಣಿ ತೆಗೆಸಿ, ಪ್ರಿಂಟರಿನಿಂದ ಕಾಗದ ಹೊರಗೆ ಬಂದ ಮೇಲೆಯೇ ಎರಡನೆಯ 'ರೈಟ್'.