ಕಿಡಿಯ ಜಾಡು

ವೈದ್ಯನಾದವನು ರೋಗಿಯ ನಾಡಿಯನ್ನು ಪರೀಕ್ಷಿಸಿದ ಬಳಿಕವೇ ಔಷಧವನ್ನು ಸೂಚಿಸುತ್ತಾನೆ. ಯಂತ್ರದ ದೋಷವನ್ನು ಕಂಡುಹಿಡಿಯುವ ಕ್ರಮವೂ ಇದಕ್ಕಿಂತ ಭಿನ್ನವಲ್ಲ. ಲಕ್ಷಣ ಒಂದೆಡೆ ತೋರಿದರೆ ಕಾರಣ ಮತ್ತೊಂದೆಡೆ ಅಡಗಿರುವುದುಂಟು. ಹಳೆಯ ಮೋಟಾರ್ ಸೈಕಲ್ಲಿನ ವಿದ್ಯುತ್ ವ್ಯವಸ್ಥೆಯು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ಮೈಸೂರಿನ ಕಾರ್ಖಾನೆಯೊಂದರಲ್ಲಿ 1961ರಿಂದ ಜಾವಾ ಮೋಟಾರ್ ಸೈಕಲ್ಲುಗಳು ತಯಾರಾಗತೊಡಗಿದವು. ಇವುಗಳ ಮೂಲ ವಿನ್ಯಾಸ ಅಂದಿನ ಚೆಕೊಸ್ಲೊವಾಕಿಯ ದೇಶದ್ದು. ಮುಂದೆ ಯೆಜ್ಡಿ ಎಂಬ ಹೆಸರನ್ನು ತಳೆದ ಈ ವಾಹನಗಳ ತಯಾರಿಕೆ 1996ರಲ್ಲಿ ನಿಂತುಹೋಯಿತು. ಆದರೂ ಅವುಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರು ಇಂದಿಗೂ ಇದ್ದಾರೆ.

ಹಳೆಯ ಜಾವಾದಲ್ಲಿ 6 ವೋಲ್ಟಿನ ಬ್ಯಾಟರಿಯೊಂದಿರುತ್ತದೆ. ಅದರಿಂದ ಹೊರಟ ವಿದ್ಯುತ್ತು ಕೀಲಿಯ ಮೂಲಕ ಕಾಯಿಲನ್ನು ಸೇರಿ, ಅಲ್ಲಿಂದ ಪಾಯಿಂಟುಗಳಿಗೆ ಹರಿಯುತ್ತದೆ. ಎಂಜಿನ್ ತಿರುಗಿದಂತೆ ಪಾಯಿಂಟುಗಳು ಮುಚ್ಚಿ ತೆರೆಯುತ್ತವೆ. ತೆರೆದ ಕ್ಷಣದಲ್ಲಿ ಕಾಯಿಲಿನೊಳಗೆ ಸಾವಿರಾರು ವೋಲ್ಟುಗಳ ಒತ್ತಡ ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಕಿಡಿಗಳು ಬೇಕು. ಹೀಗೆ ಖರ್ಚಾದ ವಿದ್ಯುತ್ತನ್ನು ಬ್ಯಾಟರಿಗೆ ಮರಳಿ ತುಂಬುವ ಹೊಣೆ ಡೈನಮೊದ್ದು. ಬ್ಯಾಟರಿಯು ಕೆರೆಯಾದರೆ ಡೈನಮೊ ಅದಕ್ಕೆ ನೀರುಣಿಸುವ ಹಳ್ಳ. ಹಳ್ಳ ಬತ್ತಿದರೂ ಕೆರೆಯಲ್ಲಿ ನೀರಿರುವ ತನಕ ಗದ್ದೆ ಹಸಿರಾಗಿಯೇ ಕಾಣುತ್ತದೆ.

ಮೈಸೂರಿನ ಅಧ್ಯಾಪಕರೊಬ್ಬರ ಬಳಿ ಅವರ ತಂದೆ ಬಳಸುತ್ತಿದ್ದ ಜಾವಾ ಇತ್ತೆಂದು ಭಾವಿಸೋಣ. ಬೆಳಗ್ಗೆ ಚೆನ್ನಾಗಿಯೇ ಹೊರಡುತ್ತಿದ್ದ ವಾಹನವು ಸಂಜೆ ನಂಜನಗೂಡಿನಿಂದ ಹಿಂದಿರುಗುವಾಗ, ದೀಪ ಹಚ್ಚಿದ ಸ್ವಲ್ಪ ಹೊತ್ತಿನಲ್ಲಿ ಮುಗ್ಗರಿಸಿ ನಿಂತುಬಿಡುತ್ತಿತ್ತು. ಕಿಡಿ ಇಲ್ಲವೆಂದು ತಿಳಿದೊಡನೆ ಅವರು ಪ್ಲಗ್ಗನ್ನು ಬದಲಿಸಿದರು. ಗುಣ ಕಾಣಲಿಲ್ಲ. ಒಬ್ಬರ ಮಾತಿನಂತೆ ಕಂಡೆನ್ಸರ್, ಇನ್ನೊಬ್ಬರ ಮಾತಿನಂತೆ ಕಾಯಿಲ್ ಹೊಸದಾದವು. ಕೊನೆಗೆ ಹೊಸ ಬ್ಯಾಟರಿಯೂ ಬಂದಿತು. ಎರಡು ದಿನ ವಾಹನವು ಸೊಗಸಾಗಿ ಓಡಿ, ಮೂರನೆಯ ಸಂಜೆ ಮತ್ತೆ ದಾರಿಯ ನಡುವೆ ನಿಂತಿತು. ಹಣವೂ ಹೋಯಿತು, ತಾಳ್ಮೆಯೂ ಹೋಯಿತು. ತಂದೆಯ ನೆನಪಿನ ವಾಹನವನ್ನು ಮಾರಿಬಿಡಲು ಅವರು ನಿಶ್ಚಯಿಸಿದರು.

ಮಾರುವ ಮೊದಲು ವಯಸ್ಸಾದ ಮೆಕ್ಯಾನಿಕ್ ಒಬ್ಬನಿಗೆ ಅದನ್ನು ತೋರಿಸಲಾಯಿತು. ಅವನು ಸ್ಪ್ಯಾನರನ್ನು ಮುಟ್ಟಲಿಲ್ಲ. ಕೀಲಿಯನ್ನು ತಿರುಗಿಸಿ, ಮುಂದಿನ ಕೆಂಪು ದೀಪವನ್ನು ದಿಟ್ಟಿಸಿ ನೋಡಿದನು.

“ಮೇಷ್ಟ್ರೇ, ಈ ದೀಪ ಎಷ್ಟು ದಿನದಿಂದ ಉರಿಯುತ್ತಿಲ್ಲ?”

“ತಿಂಗಳುಗಳೇ ಆದವು. ಅದು ಎಚ್ಚರಿಕೆಯ ದೀಪವಲ್ಲವೆ? ಉರಿಯದಿದ್ದರೆ ಎಲ್ಲವೂ ಸರಿಯಿದೆ ಎಂದಲ್ಲವೆ?”

“ಎಂಜಿನ್ ಓಡುವಾಗ ಅದು ಆರಬೇಕು, ನಿಜ. ಆದರೆ ಕೀಲಿ ತಿರುಗಿಸಿದ ಕೂಡಲೇ ಒಮ್ಮೆ ಉರಿಯಲೇಬೇಕು. ಕಾವಲುಗಾರ ಕೂಗದಿದ್ದರೆ ಕಳ್ಳನಿಲ್ಲ ಎಂದೇನೂ ಅಲ್ಲ, ಮೇಷ್ಟ್ರೇ. ಅವನೇ ನಿದ್ದೆ ಹೋಗಿರಬಹುದು.”

ಅವನು ಸುಟ್ಟುಹೋಗಿದ್ದ ಆ ಪುಟ್ಟ ಬಲ್ಬನ್ನು ತೆಗೆದು ಹೊಸದನ್ನು ಹಾಕಿದನು. ಕೆಂಪು ದೀಪ ಬೆಳಗಿತು. ಎಂಜಿನ್ನನ್ನು ನಡೆಸಿ ವೇಗವನ್ನು ಹೆಚ್ಚಿಸಿದರೂ ಅದು ಆರಲಿಲ್ಲ. ಅನಂತರ ಅವನು ಬ್ಯಾಟರಿಯ ಎರಡು ತುದಿಗಳಿಗೆ ವೋಲ್ಟ್‌ಮಾಪಕವನ್ನು ಹಿಡಿದನು. ಡೈನಮೊ ಕೆಲಸ ಮಾಡುತ್ತಿದ್ದರೆ ಮುಳ್ಳು 7 ವೋಲ್ಟಿನ ಹತ್ತಿರಕ್ಕೆ ಏರಬೇಕಾಗಿತ್ತು. ಅದು 6ರಿಂದ ಮೇಲೇಳಲಿಲ್ಲ. ದೋಷವಿದ್ದುದು ಕಿಡಿಯ ವ್ಯವಸ್ಥೆಯಲ್ಲಲ್ಲ, ಬ್ಯಾಟರಿಯನ್ನು ತುಂಬುವ ವ್ಯವಸ್ಥೆಯಲ್ಲಿ ಎಂಬುದು ಖಚಿತವಾಯಿತು.

ಎಂಜಿನ್ನಿನ ಬದಿಯ ಮುಚ್ಚಳವನ್ನು ಬಿಚ್ಚಿದಾಗ ಡೈನಮೊ ಕಾಣಿಸಿತು. ಅದರ ಕಾರ್ಬನ್ ಬ್ರಷ್ಷುಗಳು ಸವೆದು ಗಿಡ್ಡವಾಗಿದ್ದವು. ಅವನ್ನು ಒತ್ತಿ ಹಿಡಿಯಬೇಕಾದ ಸ್ಪ್ರಿಂಗಿಗೆ ಇನ್ನು ಮುಂದೆ ಚಾಚಲು ಎಡೆಯಿರಲಿಲ್ಲ. ತಾಮ್ರದ ಕಮ್ಯುಟೇಟರಿನ ಮೇಲೆ ಎಣ್ಣೆಯೂ ಕರಿಹುಡಿಯೂ ಮೆತ್ತಿಕೊಂಡಿದ್ದವು. ಕಮ್ಯುಟೇಟರನ್ನು ಶುಚಿಗೊಳಿಸಿ, ಹೊಸ ಬ್ರಷ್ಷುಗಳನ್ನು ಕೂರಿಸಿದ ಮೇಲೆ ಎಂಜಿನ್ನಿನ ವೇಗ ಏರುತ್ತಿದ್ದಂತೆ ಕೆಂಪು ದೀಪ ಆರಿತು. ಮುಳ್ಳು 7ರತ್ತ ಸರಿಯಿತು.

ಸಂಜೆಯಲ್ಲೇ ವಾಹನ ನಿಲ್ಲುತ್ತಿದ್ದುದೇಕೆ? ಇದಕ್ಕೆ ಸರಳವಾದ ಲೆಕ್ಕವೇ ಉತ್ತರ ಹೇಳುತ್ತದೆ. 35 ವ್ಯಾಟಿನ ಮುಂದೀಪವು 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತದೆ. 14 ಆಂಪಿಯರ್-ಗಂಟೆಯ ಬ್ಯಾಟರಿ ಪೂರ್ತಿ ತುಂಬಿದ್ದರೂ ಆ ದೀಪವೊಂದನ್ನೇ ಎರಡೂವರೆ ಗಂಟೆಯ ಕಾಲ ಉರಿಸಲಾರದು. ಹಗಲಿನಲ್ಲಿ ಕಿಡಿಯ ಖರ್ಚು ಮಾತ್ರವಿದ್ದುದರಿಂದ ಬ್ಯಾಟರಿ ಹೇಗೋ ಸುಧಾರಿಸಿಕೊಳ್ಳುತ್ತಿತ್ತು. ದೀಪದ ಭಾರ ಬಿದ್ದೊಡನೆ ಕುಸಿಯುತ್ತಿತ್ತು. ಹೊಸ ಬ್ಯಾಟರಿ ಎರಡು ದಿನ ನಡೆದುದಕ್ಕೂ ಇದೇ ಕಾರಣ.

ಕೆಲವು ವೇಳೆ ದೋಷವು ಕಿಡಿಯ ವ್ಯವಸ್ಥೆಯಲ್ಲೇ ಇರುವುದೂ ಉಂಟು. ಆಗಲೂ ಕ್ರಮ ತಪ್ಪಬಾರದು. ಮೊದಲು ಬ್ಯಾಟರಿಯ ಒತ್ತಡವನ್ನು ಅಳೆಯಬೇಕು. ಅನಂತರ ಕಾಯಿಲಿನವರೆಗೆ ವಿದ್ಯುತ್ತು ತಲುಪಿದೆಯೇ ಎಂದು ನೋಡಬೇಕು. ಪಾಯಿಂಟುಗಳ ಮುಖ ಶುಚಿಯಾಗಿದ್ದು, ಪೂರ್ಣ ತೆರೆದಾಗ ಅಂತರ ಸುಮಾರು 0.4 ಮಿಲಿಮೀಟರ್ ಇರಬೇಕು. ಅವುಗಳ ನಡುವೆ ದೊಡ್ಡ ಕಿಡಿಗಳು ಹಾರುತ್ತಿದ್ದರೆ ಕಂಡೆನ್ಸರನ್ನು ಸಂಶಯಿಸಬೇಕು. ಕಡೆಗೆ ಪ್ಲಗ್ಗನ್ನು ಹೊರತೆಗೆದು, ಪೆಟ್ರೋಲು ಹತ್ತಿರದಲ್ಲಿಲ್ಲವೆಂದು ಖಚಿತಪಡಿಸಿಕೊಂಡು, ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಕಿಕ್ ಹೊಡೆಯಬೇಕು. ನೀಲಿಯಾದ ಬಲವಾದ ಕಿಡಿ ಆರೋಗ್ಯದ ಗುರುತು. ಕೆಂಪಗಿನ ಕ್ಷೀಣವಾದ ಕಿಡಿ ದೋಷದ ಗುರುತು. ಒಂದು ಸಲಕ್ಕೆ ಒಂದನ್ನು ಮಾತ್ರ ಪರೀಕ್ಷಿಸಬೇಕು. ಒಟ್ಟಿಗೆ ನಾಲ್ಕು ಭಾಗಗಳನ್ನು ಬದಲಿಸಿದವನಿಗೆ ವಾಹನ ಸರಿಹೋದರೂ ಕಾರಣ ತಿಳಿಯುವುದಿಲ್ಲ.

ಅಧ್ಯಾಪಕರು ವಾಹನವನ್ನು ಮಾರಲಿಲ್ಲ. ಅಂದಿನಿಂದ ಕೀಲಿಯನ್ನು ತಿರುಗಿಸಿದಾಗಲೆಲ್ಲ ಅವರ ದೃಷ್ಟಿ ಮೊದಲು ಆ ಪುಟ್ಟ ಕೆಂಪು ದೀಪದ ಕಡೆಗೆ ಹರಿಯುತ್ತಿತ್ತು. ಅದು ಬೆಳಗಿದುದನ್ನು ಕಂಡ ಮೇಲೆಯೇ ಅವರು ಕಿಕ್ಕಿನ ಮೇಲೆ ಕಾಲಿಡುತ್ತಿದ್ದರು.

ಅಭ್ಯಾಸ

1. ಬ್ಯಾಟರಿಯನ್ನು ಕೆರೆಗೆ ಹೋಲಿಸಿರುವುದು ಏಕೆ ಉಚಿತವಾಗಿದೆ?
2. ಹೊಸ ಬ್ಯಾಟರಿ ಹಾಕಿದರೂ ವಾಹನವು ಮೂರನೆಯ ಸಂಜೆ ನಿಂತುದೇಕೆ?
3. “ಕಾವಲುಗಾರ ಕೂಗದಿದ್ದರೆ ಕಳ್ಳನಿಲ್ಲ ಎಂದೇನೂ ಅಲ್ಲ.” ಈ ಮಾತನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು?
4. ಪ್ಲಗ್ಗಿನಲ್ಲಿ ಕಿಡಿ ಬಾರದಿದ್ದಾಗ ಅನುಸರಿಸಬೇಕಾದ ಕ್ರಮವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.