ಮೊದಲು ಪ್ಲಗ್ ಪಾಯಿಂಟ್, ಆಮೇಲೆ ಕಾರು

ಮೊದಲ ವಿದ್ಯುತ್ ಕಾರನ್ನು ಈಗಲೇ ಕೊಳ್ಳುವುದೋ, ಇನ್ನೂ ಸ್ವಲ್ಪ ಕಾಯುವುದೋ? ಮನೆಯಲ್ಲೇ ಕೂತು ಲೆಕ್ಕ ಹಾಕಿ ತೀರ್ಮಾನಿಸಲು ಏಳು ಹೆಜ್ಜೆಗಳು ಇಲ್ಲಿವೆ.

ಟಾಟಾ ನೆಕ್ಸಾನ್ ಇವಿ 2020ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಆರಂಭಿಕ ಎಕ್ಸ್-ಶೋರೂಂ ಬೆಲೆ ₹13.99 ಲಕ್ಷ, ಬ್ಯಾಟರಿ 30.2 ಕಿಲೋವ್ಯಾಟ್ ಅವರ್. ನಾಲ್ಕು ವರ್ಷ ಕಳೆದು 2024ರಲ್ಲಿ 45 ಕಿಲೋವ್ಯಾಟ್ ಅವರ್ ಬ್ಯಾಟರಿಯ ನೆಕ್ಸಾನ್ ಬಂತು. ಅದರ ಆರಂಭಿಕ ಬೆಲೆಯೂ ₹13.99 ಲಕ್ಷವೇ. ಕಾದವರಿಗೆ ಅದೇ ದುಡ್ಡಿಗೆ ಒಂದೂವರೆ ಪಟ್ಟು ಬ್ಯಾಟರಿ ಸಿಕ್ಕಿತು. ಹಾಗೆಂದು ಮೊದಲೇ ಕೊಂಡವರೆಲ್ಲ ನಷ್ಟ ಮಾಡಿಕೊಂಡರು ಎನ್ನಲಾಗದು. ದಿನಕ್ಕೆ ನಲವತ್ತು–ಐವತ್ತು ಕಿಲೋಮೀಟರ್ ಓಡಿಸಿದವರು ಆ ನಾಲ್ಕು ವರ್ಷಗಳಲ್ಲಿ ಪೆಟ್ರೋಲ್ ಬಂಕಿಗೆ ಹೋಗದೆಯೇ ದೊಡ್ಡ ಮೊತ್ತ ಉಳಿಸಿದ್ದಾರೆ.

ಬ್ಯಾಟರಿ ತಂತ್ರಜ್ಞಾನ ಮುಂದಿನ ವರ್ಷವೂ ಸುಧಾರಿಸುತ್ತದೆ, ಅದರಾಚೆಯ ವರ್ಷವೂ ಸುಧಾರಿಸುತ್ತದೆ. ಅದನ್ನೇ ನೋಡುತ್ತ ಕೂತರೆ ಕೊಳ್ಳುವ ದಿನ ಬರುವುದೇ ಇಲ್ಲ. ತೀರ್ಮಾನಕ್ಕೆ ಬೇಕಾದ ಮಾಹಿತಿ ಬಹುಪಾಲು ನಿಮ್ಮ ಮನೆಯಲ್ಲೇ ಇದೆ: ಕಾರು ನಿಲ್ಲಿಸುವ ಜಾಗ, ಕರೆಂಟ್ ಬಿಲ್, ತಿಂಗಳ ಓಡಾಟ.

ಹೆಜ್ಜೆ 1: ಹೊಸ ಕಾರು ಬೇಕೇ ಬೇಕೇ?

‘ವಿದ್ಯುತ್ ಕಾರು ಕೊಳ್ಳಲೇ?’ ಎಂದು ಕೇಳುವವರಲ್ಲಿ ಎರಡು ಬಗೆಯವರಿದ್ದಾರೆ. ಒಬ್ಬರಿಗೆ ಹೇಗೂ ಹೊಸ ಕಾರು ಬೇಕು, ಪೆಟ್ರೋಲೋ ವಿದ್ಯುತ್ತೋ ಎಂಬುದಷ್ಟೇ ಪ್ರಶ್ನೆ. ಇನ್ನೊಬ್ಬರ ಮನೆಯಲ್ಲಿ ಚೆನ್ನಾಗಿ ಓಡುತ್ತಿರುವ ಪೆಟ್ರೋಲ್ ಕಾರಿದೆ, ಅದನ್ನು ಮಾರಿ ವಿದ್ಯುತ್ ಕಾರಿಗೆ ಹೋಗಬೇಕೆಂಬ ಆಸೆ.

ಎರಡನೆಯವರು ಇಲ್ಲೇ ಸ್ವಲ್ಪ ನಿಲ್ಲಬೇಕು. ಶೇ 9ರ ಬಡ್ಡಿಗೆ ₹10 ಲಕ್ಷ ಸಾಲ ಮಾಡಿದರೆ ಮೊದಲ ವರ್ಷ ಬಡ್ಡಿಗೇ ಸುಮಾರು ₹80 ಸಾವಿರ ಹೋಗುತ್ತದೆ. ವರ್ಷಕ್ಕೆ 12 ಸಾವಿರ ಕಿ.ಮೀ. ಓಡಿಸುವವರಿಗೆ ಇಂಧನದಲ್ಲಿ ಆಗುವ ಉಳಿತಾಯ, ಮುಂದೆ ನೋಡಲಿರುವಂತೆ, ಅದಕ್ಕಿಂತ ಕಡಿಮೆ. ಐದಾರು ವರ್ಷದ, ರಿಪೇರಿಗೆ ಬಾರದ ಕಾರಿದ್ದರೆ ಅದನ್ನೇ ಓಡಿಸುತ್ತ ಕಾಯುವುದು ಜಾಣತನ. ಹೇಗೂ ಹೊಸ ಕಾರು ಬೇಕೆನ್ನುವವರು ಮುಂದಿನ ಹೆಜ್ಜೆಗೆ ಬನ್ನಿ.

ಹೆಜ್ಜೆ 2: ರಾತ್ರಿ ಕಾರು ನಿಲ್ಲುವ ಜಾಗ ನೋಡಿ

ವಿದ್ಯುತ್ ಕಾರಿನ ಸುಖವೆಲ್ಲ ಇರುವುದು ಮನೆಯ ಚಾರ್ಜಿಂಗ್‌ನಲ್ಲಿ. ದಿನಕ್ಕೆ 40 ಕಿ.ಮೀ. ಓಡಿದ ಕಾರಿಗೆ ಸುಮಾರು ಆರು ಯೂನಿಟ್ ಸಾಕು. ಗೀಸರ್‌ಗೆ, ಎ.ಸಿ.ಗೆ ಬಳಸುವಂಥ ಹದಿನೈದು ಆಂಪಿಯರ್ ಸಾಕೆಟ್ಟಿನಲ್ಲಿ ಅದು ಎರಡು ಗಂಟೆಯ ಕೆಲಸ. 7.2 ಕಿಲೋವ್ಯಾಟ್‌ನ ಗೋಡೆ ಚಾರ್ಜರ್ ಎಲ್ಲರಿಗೂ ಬೇಕಿಲ್ಲ. ದಿನಕ್ಕೆ ನೂರು ಕಿ.ಮೀ. ದಾಟುವವರಿಗೆ ಅದು ಉಪಯುಕ್ತ.

ಕಾರು ಬುಕ್ ಮಾಡುವ ಮುನ್ನವೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಇವಿಷ್ಟನ್ನು ನೋಡಿಸಿ:

• ಅರ್ಥಿಂಗ್: ಹಳೆಯ ಮನೆಗಳಲ್ಲಿ ತೊಂದರೆ ಕೊಡುವುದು ಇದೇ. ಅರ್ಥಿಂಗ್ ಸರಿಯಿಲ್ಲದಿದ್ದರೆ ಕಾರಿನ ಚಾರ್ಜರ್ ಕೆಂಪು ದೀಪ ತೋರಿಸಿ ಚಾರ್ಜ್ ಮಾಡುವುದನ್ನೇ ನಿಲ್ಲಿಸುತ್ತದೆ. ಫ್ರಿಜ್, ಮಿಕ್ಸಿ, ಟಿ.ವಿ. ಎಲ್ಲವೂ ನಡೆಯುವ ಮನೆಯಲ್ಲೇ ಹೀಗಾಗುವುದುಂಟು. ಮಲ್ಟಿಮೀಟರ್ ಹಿಡಿದು ಸಾಕೆಟ್ಟಿನ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. ಎರಡು–ಮೂರು ವೋಲ್ಟ್‌ಗಿಂತ ಹೆಚ್ಚಿದ್ದರೆ ಅರ್ಥಿಂಗ್ ಗುಂಡಿಯನ್ನು ಹೊಸದಾಗಿ ಮಾಡಿಸಬೇಕಾಗಬಹುದು. ಬೇಸಿಗೆಯಲ್ಲಿ ಗುಂಡಿ ಒಣಗಿದಾಗಲೂ ಇದೇ ತೊಂದರೆ ಬರುತ್ತದೆ, ಆಗಾಗ ನೀರು ಹಾಕಬೇಕು.

• ತಂತಿ: ಮೀಟರ್ ಬೋರ್ಡಿನಿಂದ ಕಾರಿನ ಸಾಕೆಟ್ಟಿಗೆ ಪ್ರತ್ಯೇಕ ತಂತಿ ಎಳೆಸಿ. ಸಾಮಾನ್ಯ ಸಾಕೆಟ್ಟಿಗೆ 4 ಚದರ ಮಿ.ಮೀ., 7.2 ಕಿಲೋವ್ಯಾಟ್ ಚಾರ್ಜರ್‌ಗೆ 6 ಚದರ ಮಿ.ಮೀ. ತಾಮ್ರದ ತಂತಿ ಇರಲಿ. ಅದಕ್ಕೇ ಪ್ರತ್ಯೇಕ ಎಂಸಿಬಿ ಮತ್ತು ಆರ್‌ಸಿಸಿಬಿ ಹಾಕಿಸಿ. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಚಾರ್ಜ್ ಮಾಡುವ ಯೋಚನೆ ಖಂಡಿತ ಬೇಡ. ಗಂಟೆಗಟ್ಟಲೆ ಹರಿಯುವ ಕರೆಂಟಿಗೆ ಅದು ಕಾದು ಕರಗಬಹುದು.

• ಮಂಜೂರಾದ ಲೋಡ್: ಬಿಲ್ಲಿನ ಮೇಲೆಯೇ ಇರುತ್ತದೆ. ಎರಡೋ ಮೂರೋ ಕಿಲೋವ್ಯಾಟ್ ಇದ್ದರೆ ಹೆಚ್ಚಿಸಿಕೊಳ್ಳಲು ಅರ್ಜಿ ಕೊಡಿ.

ಅಪಾರ್ಟ್‌ಮೆಂಟಿನಲ್ಲಿರುವವರು ಸಂಘದಿಂದ, ಬಾಡಿಗೆ ಮನೆಯವರು ಮಾಲೀಕರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ‘ನೋಡೋಣ, ಮಾಡಿಸೋಣ’ ಎಂಬ ಬಾಯಿಮಾತನ್ನು ನಂಬಿ ಮುಂಗಡ ಕಟ್ಟಬೇಡಿ. ಬೀದಿಯಲ್ಲಿ ಕಾರು ನಿಲ್ಲಿಸುವವರಿಗೆ, ಕಚೇರಿಯಲ್ಲಿ ಚಾರ್ಜಿಂಗ್ ಇಲ್ಲದಿದ್ದರೆ, ಸದ್ಯಕ್ಕೆ ಕಾಯುವುದೇ ಒಳಿತು.

ಹೆಜ್ಜೆ 3: ಗೃಹಜ್ಯೋತಿಯ ಲೆಕ್ಕ ಮರೆಯಬೇಡಿ

ಬ್ಯಾಟರಿಯ ಒಂದು ಕಿಲೋವ್ಯಾಟ್ ಅವರ್ ಎಂದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್. ಚಾರ್ಜಿಂಗ್‌ನಲ್ಲಿ ಪೋಲಾಗುವುದನ್ನೂ ಸೇರಿಸಿದರೆ ಗೋಡೆಯಿಂದ ಎಳೆದ ಪ್ರತಿ ಯೂನಿಟ್ಟಿಗೆ ಮಧ್ಯಮ ಗಾತ್ರದ ಕಾರು ಸುಮಾರು 6.5 ಕಿ.ಮೀ. ಓಡುತ್ತದೆ. ಅಂದರೆ ತಿಂಗಳಿಗೆ ಸಾವಿರ ಕಿ.ಮೀ.ಗೆ ಸುಮಾರು 155 ಯೂನಿಟ್ ಬೇಕು.

ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ನಾವೇ ಕಟ್ಟಬೇಕು. ತಿಂಗಳಿಗೆ 80 ಯೂನಿಟ್ ಬಳಸಿ ಶೂನ್ಯ ಬಿಲ್ ಪಡೆಯುತ್ತಿದ್ದ ಮನೆಗೆ ಕಾರು ಬಂದರೆ ಬಳಕೆ 235 ಆಗುತ್ತದೆ. ಆಗ ಕಾರಿನ ಕರೆಂಟಿನ ಜೊತೆಗೆ ಮನೆಯ 80 ಯೂನಿಟ್ಟಿಗೂ ದುಡ್ಡು ತೆರಬೇಕು. ಶೋರೂಂನಲ್ಲಿ ತೋರಿಸುವ ಉಳಿತಾಯದ ಪಟ್ಟಿಯಲ್ಲಿ ಈ ಖರ್ಚನ್ನು ಹುಡುಕಿದರೂ ಸಿಗದು, ನೀವೇ ಸೇರಿಸಿಕೊಳ್ಳಬೇಕು.

ಇದಕ್ಕೊಂದು ದಾರಿಯಿದೆ. ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ತಿದ್ದಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಂತೆ ವಾಹನ ಚಾರ್ಜಿಂಗ್‌ಗೆಂದೇ ಪ್ರತ್ಯೇಕ ಸಂಪರ್ಕ ಕೇಳಬಹುದು. ಆಗ ಮನೆಯ ಮೀಟರ್ ಬೇರೆ, ಕಾರಿನ ಮೀಟರ್ ಬೇರೆ. ದಾಖಲೆ, ಠೇವಣಿ, ನಿಗದಿತ ಶುಲ್ಕ ಎಷ್ಟೆಂದು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಅಥವಾ ಸೆಸ್ಕ್‌ನ ನಿಮ್ಮ ಉಪವಿಭಾಗ ಕಚೇರಿಯಲ್ಲಿ ವಿಚಾರಿಸಿ. ತಿಂಗಳ ನಿಗದಿತ ಶುಲ್ಕವನ್ನೂ ಸೇರಿಸಿ ನೋಡಿ, ಯಾವುದು ಅಗ್ಗವೋ ಅದನ್ನು ಆರಿಸಿಕೊಳ್ಳಿ.

ಹೆಜ್ಜೆ 4: ಕಿಲೋಮೀಟರಿನ ಲೆಕ್ಕ

ಒಂದು ಉದಾಹರಣೆ ನೋಡೋಣ. ಪೆಟ್ರೋಲ್ ಲೀಟರಿಗೆ ₹103, ಕಾರಿನ ಮೈಲೇಜ್ 15 ಎಂದಿಟ್ಟುಕೊಳ್ಳಿ. ಕಿ.ಮೀ.ಗೆ ₹6.90 ಖರ್ಚು. ಮನೆಯ ಕರೆಂಟ್ ಎಲ್ಲ ಶುಲ್ಕ ಸೇರಿ ಯೂನಿಟ್ಟಿಗೆ ₹8 ಎಂದರೆ ವಿದ್ಯುತ್ ಕಾರಿಗೆ ಕಿ.ಮೀ.ಗೆ ₹1.25. ಕಿ.ಮೀ. ಒಂದಕ್ಕೆ ಉಳಿಯುವುದು ಸುಮಾರು ₹5.65. ಎರಡು ಕಾರುಗಳ ಆನ್-ರೋಡ್ ಬೆಲೆಯ ವ್ಯತ್ಯಾಸ ₹3 ಲಕ್ಷವಿದ್ದರೆ:

• ವರ್ಷಕ್ಕೆ 12 ಸಾವಿರ ಕಿ.ಮೀ., ಮನೆಯಲ್ಲೇ ಚಾರ್ಜಿಂಗ್: ವರ್ಷದ ಉಳಿತಾಯ ಸುಮಾರು ₹68 ಸಾವಿರ. ನಾಲ್ಕೂವರೆ ವರ್ಷದಲ್ಲಿ ವ್ಯತ್ಯಾಸದ ಹಣ ವಾಪಸ್.
• ವರ್ಷಕ್ಕೆ 6 ಸಾವಿರ ಕಿ.ಮೀ., ಮನೆಯಲ್ಲೇ ಚಾರ್ಜಿಂಗ್: ಸುಮಾರು ಒಂಬತ್ತು ವರ್ಷ ಬೇಕು.
• ವರ್ಷಕ್ಕೆ 12 ಸಾವಿರ ಕಿ.ಮೀ., ಪೂರ್ತಿ ಸಾರ್ವಜನಿಕ ವೇಗದ ಚಾರ್ಜಿಂಗ್, ಯೂನಿಟ್ಟಿಗೆ ₹22: ಉಳಿತಾಯ ಕಿ.ಮೀ.ಗೆ ₹3.50ಕ್ಕೆ ಇಳಿದು ಏಳು ವರ್ಷ ದಾಟುತ್ತದೆ.

ಈ ಅಂಕಿಗಳ ಜಾಗದಲ್ಲಿ ನಿಮ್ಮ ಊರಿನ ದರ, ನಿಮ್ಮ ಓಡಾಟವನ್ನು ಹಾಕಿ. ಬೆಲೆಗಳನ್ನು ಹೊಸದಾಗಿಯೇ ಕೇಳಿ ತಿಳಿಯಿರಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು, ಮೇಲಿನ ಸೆಸ್ ಕೂಡ ಹೋಯಿತು. ವಿದ್ಯುತ್ ಕಾರಿನದು ಮೊದಲಿನಂತೆ ಶೇ 5ರಲ್ಲೇ ಉಳಿಯಿತು. ಪೆಟ್ರೋಲ್ ಕಾರು ಅಗ್ಗವಾದ್ದರಿಂದ ಅದಕ್ಕೂ ಹಿಂದಿನ ಹೋಲಿಕೆಗಳು ಈಗ ಕೆಲಸಕ್ಕೆ ಬಾರವು.

ಹೆಜ್ಜೆ 5: ನಿಮ್ಮ ದೂರದ ದಾರಿ ಯಾವುದು?

ಜಾಹೀರಾತಿನಲ್ಲಿ ಹೇಳುವ ರೇಂಜ್ ಪ್ರಯೋಗಾಲಯದ ಪರೀಕ್ಷೆಯದು. ಹೆದ್ದಾರಿಗೆ ಸುಲಭ ಸೂತ್ರವೊಂದಿದೆ: ಬ್ಯಾಟರಿಯ ಕಿಲೋವ್ಯಾಟ್ ಅವರ್ ಅನ್ನು ಆರರಿಂದ ಗುಣಿಸಿ. 45ರ ಬ್ಯಾಟರಿಗೆ 270 ಕಿ.ಮೀ. ಬರುತ್ತದೆ. ಶೇ 15 ಉಳಿದಾಗ ಚಾರ್ಜರ್ ಮುಟ್ಟಬೇಕೆಂದರೆ ಮೊದಲ ಓಟ 230 ಕಿ.ಮೀ. ವೇಗದ ಚಾರ್ಜಿಂಗ್ ಶೇ 80ರ ಮೇಲೆ ನಿಧಾನವಾಗುವುದರಿಂದ ಅಲ್ಲಿಗೇ ನಿಲ್ಲಿಸಿ ಹೊರಟರೆ ಎರಡನೇ ಓಟ 175 ಕಿ.ಮೀ.

ಬೆಂಗಳೂರು–ಮಂಗಳೂರು ದಾರಿ ಸುಮಾರು 350 ಕಿ.ಮೀ. ಹಾಸನ–ಸಕಲೇಶಪುರದ ನಡುವೆ ಊಟಕ್ಕೋ ಕಾಫಿಗೋ ಒಮ್ಮೆ ನಿಂತರೆ ತಲುಪಬಹುದು. ಮರಳುವಾಗ ಮಾತ್ರ ಎಚ್ಚರ ಬೇಕು. 1,600 ಕೆ.ಜಿ. ತೂಕದ ಕಾರು ಶಿರಾಡಿ ಘಾಟಿಯಲ್ಲಿ ಸಕಲೇಶಪುರದ ಸುಮಾರು 900 ಮೀಟರ್ ಎತ್ತರಕ್ಕೆ ಏರಲು ನಾಲ್ಕೈದು ಯೂನಿಟ್ ಹೆಚ್ಚು ಬೇಕು. ಅಷ್ಟರಿಂದ ಸಮತಟ್ಟಾದ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಹೋಗಬಹುದಿತ್ತು. ಇಳಿಯುವಾಗ ಒಂದು ಪಾಲು ಬ್ಯಾಟರಿಗೆ ವಾಪಸ್ ಬರುತ್ತದೆ, ಏರುವಾಗ ಆ ಲಾಭವಿಲ್ಲ.

ವರ್ಷಕ್ಕೆ ಎರಡು–ಮೂರು ಬಾರಿ ಊರಿಗೆ ಹೋಗುವ ದಾರಿಯನ್ನು ಬೆಸ್ಕಾಂನ ‘ಇವಿ ಮಿತ್ರ’ದಂಥ ಆ್ಯಪ್‌ಗಳಲ್ಲಿ ಹುಡುಕಿ. ಕಾರಿಗೆ ಬೇಕಾದದ್ದು ಸಿಸಿಎಸ್2 ಗನ್ ಇರುವ ಡಿಸಿ ಚಾರ್ಜರ್. ನಕ್ಷೆಯಲ್ಲಿ ಕಂಡದ್ದೆಲ್ಲ ಕೆಲಸ ಮಾಡುತ್ತದೆಂದು ನಂಬಬೇಡಿ, ಈಚೆಗೆ ಯಾರಾದರೂ ಅಲ್ಲಿ ಚಾರ್ಜ್ ಮಾಡಿದ್ದಾರೆಯೇ ನೋಡಿ. ನಿಮ್ಮ ದಾರಿಯಲ್ಲಿ ಒಂದು ಕೆಟ್ಟರೆ ಇನ್ನೊಂದು ಎಂಬಂತೆ ಎರಡು ಜಾಗಗಳಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಒಂದೂ ಇಲ್ಲದಿದ್ದರೆ ಕಾಯಿರಿ, ಇಲ್ಲವೇ ಆ ಪ್ರಯಾಣಕ್ಕೆ ರೈಲನ್ನೋ ಬಾಡಿಗೆ ಕಾರನ್ನೋ ನೆಚ್ಚಿಕೊಳ್ಳಿ.

ಹೆಜ್ಜೆ 6: ಯಾವುದಕ್ಕಾಗಿ ಕಾಯುತ್ತಿದ್ದೀರಿ?

ಕಾಯುವುದಕ್ಕೆ ಹೆಸರು ಹೇಳಬಲ್ಲ ಕಾರಣ ಇರಬೇಕು. ಮನೆ ಕಟ್ಟುತ್ತಿದ್ದೇವೆ, ಮುಗಿದ ಮೇಲೆ ಚಾರ್ಜಿಂಗ್ ಪಾಯಿಂಟ್ ಸಿಗುತ್ತದೆ ಎನ್ನುವುದು ಒಳ್ಳೆಯ ಕಾರಣ. ಏಳು ಸೀಟಿನ ಕಾರು ಬೇಕು, ನಮ್ಮ ಬಜೆಟ್ಟಿನಲ್ಲಿ ಇನ್ನೂ ಇಲ್ಲ ಎನ್ನುವುದೂ ಹೌದು.

ಕೇಂದ್ರದ ಸಬ್ಸಿಡಿ ಬರಲಿ ಎಂಬ ನಿರೀಕ್ಷೆಗೆ ಆಧಾರವಿಲ್ಲ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಸ್ವಂತ ಬಳಕೆಯ ಕಾರುಗಳಿಗೆ ಸಹಾಯಧನವೇ ಇಲ್ಲ. ಸಾಲದ ಬಡ್ಡಿಗೆ ಆದಾಯ ತೆರಿಗೆ ವಿನಾಯಿತಿ ಕೊಡುತ್ತಿದ್ದ 80ಇಇಬಿ ಕೂಡ 2023ರ ಮಾರ್ಚ್ 31ರವರೆಗೆ ಮಂಜೂರಾದ ಸಾಲಗಳಿಗೆ ಮಾತ್ರ. ರಸ್ತೆ ತೆರಿಗೆಯ ಗಾಳಿಯಂತೂ ತಿರುಗತೊಡಗಿದೆ. ಪೂರ್ತಿ ವಿನಾಯಿತಿಯಿದ್ದ ಕರ್ನಾಟಕದಲ್ಲೇ 2024ರಲ್ಲಿ ₹25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10 ತೆರಿಗೆ ಬಂತು. ಇಂಥ ರಿಯಾಯಿತಿಗಳು ಕಾಲ ಕಳೆದಂತೆ ಕರಗುತ್ತವೆ. ಕೊಳ್ಳುವ ವಾರದ ದರವನ್ನು ಆರ್‌ಟಿಒ ಕಚೇರಿಯಲ್ಲೇ ಖಚಿತಪಡಿಸಿಕೊಳ್ಳಿ.

ಬೆಲೆ ಇಳಿಯುವ ಸಾಧ್ಯತೆ ನಿಜಕ್ಕೂ ಇದೆ. 2024ರ ಫೆಬ್ರುವರಿಯಲ್ಲಿ ನೆಕ್ಸಾನ್ ಇವಿ ಬೆಲೆಯನ್ನು ₹1.2 ಲಕ್ಷದವರೆಗೆ ಇಳಿಸಲಾಯಿತು. ಹಾಗೆ ಬೆಲೆ ಇಳಿದಾಗ ಹಳೆಯ ಕಾರಿನ ಮರುಮಾರಾಟದ ಬೆಲೆಯೂ ಕುಸಿಯುತ್ತದೆ. ಆದ್ದರಿಂದ ಮೂರು ವರ್ಷಕ್ಕೊಮ್ಮೆ ಕಾರು ಬದಲಿಸುವವರು ವಿದ್ಯುತ್ ಕಾರಿಗೆ ಅವಸರಪಡಬಾರದು. ಏಳೆಂಟು ವರ್ಷ ಇಟ್ಟುಕೊಳ್ಳುವವರಿಗೆ ಈ ಹೊಡೆತ ಅಷ್ಟಾಗಿ ತಟ್ಟದು.

ಹೆಜ್ಜೆ 7: ಶೋರೂಂನಲ್ಲಿ ಕೇಳಬೇಕಾದ್ದು

• ಬ್ಯಾಟರಿ ವಾರಂಟಿ ಎಷ್ಟು? ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಇರುತ್ತದೆ. ಬ್ಯಾಟರಿಯ ಸಾಮರ್ಥ್ಯ ಶೇಕಡ ಎಷ್ಟಕ್ಕಿಂತ ಕುಸಿದರೆ ಬದಲಿಸಿಕೊಡುತ್ತಾರೆ, ಎರಡನೇ ಮಾಲೀಕರಿಗೂ ವಾರಂಟಿ ಅನ್ವಯಿಸುತ್ತದೆಯೇ ಎಂದು ಕಾಗದದ ಮೇಲೆ ನೋಡಿ.

• ಬ್ಯಾಟರಿ ಬಾಡಿಗೆ ಯೋಜನೆಯೇ? 2024ರಲ್ಲಿ ಎಂಜಿ ವಿಂಡ್ಸರ್ ₹9.99 ಲಕ್ಷಕ್ಕೆ ಬಂದಾಗ ಬ್ಯಾಟರಿಗೆ ಕಿ.ಮೀ.ಗೆ ₹3.50 ಬಾಡಿಗೆ ಬೇರೆ ಇತ್ತು. ಚಾರ್ಜಿಂಗ್ ಖರ್ಚೂ ಸೇರಿದರೆ ಕಿ.ಮೀ.ಗೆ ₹4.75 ಆಗುತ್ತದೆ. ತಿಂಗಳಿಗೆ ಕನಿಷ್ಠ ಇಷ್ಟು ಕಿ.ಮೀ.ಗೆ ಕಟ್ಟಲೇಬೇಕು ಎಂಬ ಷರತ್ತಿದೆಯೇ ಕೇಳಿ.

• ಸರ್ವಿಸ್ ಎಲ್ಲಿ? ನಿಮ್ಮ ಜಿಲ್ಲೆಯಲ್ಲೇ ವಿದ್ಯುತ್ ಕಾರಿನ ತರಬೇತಿ ಪಡೆದ ಮೆಕ್ಯಾನಿಕ್ ಇದ್ದಾರೆಯೇ? ಬೆಂಗಳೂರಿಗೆ ಸಾಗಿಸಬೇಕಾದರೆ ಖರ್ಚು ಯಾರದು?

• ಟೆಸ್ಟ್ ಡ್ರೈವ್ ಹೇಗೆ? ಶೋರೂಂ ಸುತ್ತ ಒಂದು ಸುತ್ತು ಸಾಲದು. ಮನೆಯವರನ್ನೆಲ್ಲ ಕೂರಿಸಿಕೊಂಡು, ಎ.ಸಿ. ಹಾಕಿ, ಟ್ರಿಪ್ ಮೀಟರ್ ಸೊನ್ನೆಗೆ ತಂದು, ನೀವು ದಿನಾ ಹೋಗುವ ದಾರಿಯಲ್ಲೇ ಓಡಿಸಿ. ಕಿ.ಮೀ.ಗೆ ಎಷ್ಟು ಕರೆಂಟ್ ಖರ್ಚಾಯಿತೆಂದು ಪರದೆಯ ಮೇಲೆ ನೋಡಿ ಬರೆದಿಟ್ಟುಕೊಳ್ಳಿ.

ಹಾಗಾದರೆ ತೀರ್ಮಾನ?

ಈಗಲೇ ಕೊಳ್ಳಬಹುದು: ಹೇಗೂ ಹೊಸ ಕಾರು ಬೇಕು, ರಾತ್ರಿ ಚಾರ್ಜ್ ಮಾಡಲು ಸ್ವಂತ ಪಾಯಿಂಟ್ ಇದೆ, ತಿಂಗಳಿಗೆ ಸಾವಿರ ಕಿ.ಮೀ. ಆಸುಪಾಸು ಓಡಾಟವಿದೆ, ಏಳೆಂಟು ವರ್ಷ ಇಟ್ಟುಕೊಳ್ಳುತ್ತೀರಿ. ಈ ನಾಲ್ಕೂ ಹೌದಾದರೆ ಮುಂದಿನ ಮಾಡೆಲ್ ಬರಲೆಂದು ಕಾಯಬೇಡಿ. ಒಂದು ವರ್ಷ ತಡಮಾಡಿದರೆ ₹60–70 ಸಾವಿರದ ಉಳಿತಾಯ ಕೈತಪ್ಪುತ್ತದೆ.

ಕಾಯುವುದು ಒಳಿತು: ಚಾರ್ಜಿಂಗ್ ಜಾಗ ಖಚಿತವಿಲ್ಲ, ಈಗಿರುವ ಕಾರು ಚೆನ್ನಾಗಿದೆ, ತಿಂಗಳಿಗೆ 500 ಕಿ.ಮೀ.ಗಿಂತ ಕಡಿಮೆ ಓಡಾಟ, ಇಲ್ಲವೇ ಪದೇ ಪದೇ ಚಾರ್ಜರ್ ಇಲ್ಲದ ದಾರಿಯಲ್ಲಿ ದೂರ ಹೋಗಬೇಕು. ಇವುಗಳಲ್ಲಿ ಒಂದಿದ್ದರೂ ಅವಸರ ಬೇಡ.

ಕಾಯುವವರು ಸುಮ್ಮನೆ ಕೂರಬೇಕಿಲ್ಲ. ಸಂಘದ ಮುಂದಿನ ಸಭೆಯಲ್ಲಿ ಚಾರ್ಜಿಂಗ್ ವಿಷಯ ಎತ್ತಿ, ಲೋಡ್ ಹೆಚ್ಚಿಸಲು ಅರ್ಜಿ ಹಾಕಿ, ಅರ್ಥಿಂಗ್ ಮಾಡಿಸಿ, ಮೂರು ತಿಂಗಳ ಓಡಾಟವನ್ನು ಡೈರಿಯಲ್ಲಿ ಬರೆದಿಡಿ. ಆರು ತಿಂಗಳ ಬಳಿಕದ ಒಂದು ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಂದಿನ ಬೆಲೆ, ಅಂದಿನ ತೆರಿಗೆ ಹಿಡಿದು ನಾಲ್ಕನೇ ಹೆಜ್ಜೆಯ ಲೆಕ್ಕವನ್ನು ಮತ್ತೆ ಮಾಡಿ. ಪ್ಲಗ್ ಪಾಯಿಂಟ್ ಸಿದ್ಧವಿರುವ ಮನೆಗೆ ಯಾವ ವರ್ಷ ಕಾರು ಬಂದರೂ ತೊಂದರೆಯಿಲ್ಲ.